ಹಳೆಯ ಮನೆಯೂ ಒಂದು ಪ್ರಯೋಗಶಾಲೆ

ವಿಜ್ಞಾನದ ವಿದ್ಯಾರ್ಥಿಗೆ ಪ್ರಯೋಗಶಾಲೆ ಇದೆ. ಪುಸ್ತಕದಲ್ಲಿ ಓದಿದ್ದನ್ನು ಅವನು ಅಲ್ಲಿ ಅಳೆದು, ತೂಗಿ, ಕಾಸಿ, ಸೋಸಿ ನೋಡಬಹುದು. ಇತಿಹಾಸದ ವಿದ್ಯಾರ್ಥಿಗೆ ಅಂಥ ಜಾಗ ಯಾವುದು? ಇಸವಿ, ಯುದ್ಧ, ಒಪ್ಪಂದ, ರಾಜರ ಪಟ್ಟಿ ಇವನ್ನೆಲ್ಲ ಬಾಯಿಪಾಠ ಮಾಡಿ ಪರೀಕ್ಷೆ ಮುಗಿಸಿದ ಮೇಲೆ ಅವನ ಕೈಯಲ್ಲಿ ಉಳಿಯುವುದೇನು? ಈ ಪ್ರಶ್ನೆಗೆ ಬೇರೆ ಬೇರೆ ದೇಶಗಳ ಶಿಕ್ಷಕರು ಕಂಡುಕೊಂಡ ಉತ್ತರಗಳಲ್ಲಿ ಒಂದು, ಹಳೆಯ ಮನೆ. ಯಾರೋ ಬಾಳಿ ಬದುಕಿದ ಮನೆಯೊಂದನ್ನು ಇದ್ದಂತೆಯೇ ಕಾಪಾಡಿ, ಅದನ್ನೇ ವಸ್ತುಸಂಗ್ರಹಾಲಯವಾಗಿಸಿ, ಮಕ್ಕಳನ್ನು ಕರೆತಂದು ಪಾಠ ಮಾಡುವ ಪದ್ಧತಿ ಇಂದು ಅನೇಕ ಕಡೆ ಬೇರೂರಿದೆ.

ಸಾಮಾನ್ಯ ವಸ್ತುಸಂಗ್ರಹಾಲಯಕ್ಕೂ ಇಂಥ ಮನೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಸಂಗ್ರಹಾಲಯದಲ್ಲಿ ಹತ್ತಾರು ಊರುಗಳಿಂದ ತಂದ ವಸ್ತುಗಳು ಗಾಜಿನ ಕಪಾಟಿನಲ್ಲಿ ಕುಳಿತಿರುತ್ತವೆ. ಮನೆಯಲ್ಲಿ ಗೋಡೆ, ಕಿಟಕಿ, ಮೆಟ್ಟಿಲು, ಅಡುಗೆಮನೆ, ಹಿತ್ತಲ ಬಾಗಿಲು ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲೇ ಇರುತ್ತವೆ. ಅಲ್ಲಿ ಕಟ್ಟಡವೇ ಸಾಕ್ಷಿ. ಸಾಕ್ಷಿಯನ್ನು ಪ್ರಶ್ನೆ ಕೇಳಲು ಕಲಿಯುವುದೇ ಇತಿಹಾಸದ ಅಭ್ಯಾಸದ ಮೊದಲ ಹೆಜ್ಜೆ. ಹಳೆಯ ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ಇಂಥ ಸಾಕ್ಷಿಗಳು ಎಷ್ಟಿವೆ, ಅವುಗಳನ್ನು ಏನು ಕೇಳಬೇಕು ಎಂಬುದನ್ನು ಇಲ್ಲಿ ನೋಡೋಣ.

ಕೋಟೆಯ ಮರದ ಅರಮನೆ

ಚಾಮರಾಜಪೇಟೆಯ ಅಂಚಿನಲ್ಲಿ, ಕೋಟೆ ವೆಂಕಟರಮಣಸ್ವಾಮಿ ದೇವಾಲಯದ ಪಕ್ಕದಲ್ಲಿ, ಟಿಪ್ಪು ಸುಲ್ತಾನನ ಬೇಸಿಗೆ ಅರಮನೆ ಇದೆ. ಹೈದರಾಲಿ ಇದನ್ನು ಕಟ್ಟಿಸಲು ತೊಡಗಿದ. ಟಿಪ್ಪು 1791ರಲ್ಲಿ ಪೂರ್ಣಗೊಳಿಸಿದ. ಎರಡು ಅಂತಸ್ತಿನ ಈ ಕಟ್ಟಡದ ಹೆಗ್ಗಳಿಕೆ ಅದರ ಮರಗೆಲಸ: ಕಲ್ಲಿನ ಪೀಠದ ಮೇಲೆ ನಿಂತ ತೇಗದ ಕಂಬಗಳು, ಅಲೆ ಅಲೆಯಾಗಿ ಕೊರೆದ ಕಮಾನುಗಳು, ಗೋಡೆ ಮತ್ತು ಮಾಳಿಗೆಯ ಮೇಲೆ ಬಣ್ಣದ ಹೂಬಳ್ಳಿ. ಮೇಲಂತಸ್ತಿನ ಮೊಗಸಾಲೆಯಿಂದ ಟಿಪ್ಪು ದರ್ಬಾರು ನಡೆಸುತ್ತಿದ್ದನೆಂದು ಹೇಳುತ್ತಾರೆ. ಸ್ವರ್ಗವೂ ಅಸೂಯೆ ಪಡುವಂಥ ಮನೆ ಎಂದು ಇದನ್ನು ಹೊಗಳುವ ಬರಹವೂ ಅಲ್ಲಿದೆ. ಇಂದು ಇದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಕೆಳಗಡೆ ಒಂದು ಚಿಕ್ಕ ವಸ್ತುಸಂಗ್ರಹಾಲಯವಿದೆ.

ಶಾಲೆಯ ಪ್ರವಾಸಗಳು ಇಲ್ಲಿಗೆ ಬರುತ್ತಲೇ ಇರುತ್ತವೆ. ಮಕ್ಕಳು ಸಾಲಾಗಿ ಒಳಗೆ ಹೋಗುತ್ತಾರೆ, ‘ಮುಟ್ಟಬೇಡಿ’ ಎಂಬ ಮಾತನ್ನು ಹತ್ತು ಸಲ ಕೇಳುತ್ತಾರೆ, ಹೊರಗೆ ಬಂದು ಬುತ್ತಿ ಬಿಚ್ಚುತ್ತಾರೆ, ಬಸ್ಸು ಲಾಲ್‌ಬಾಗಿಗೆ ಹೊರಡುತ್ತದೆ. ನೋಡಿದ್ದಾಯಿತು. ಆದರೆ ಕಲಿತದ್ದೇನು?

ಅದೇ ಮಕ್ಕಳಿಗೆ ಒಂದು ಅಳತೆ ಟೇಪು, ಒಂದು ನೋಟ್‌ಬುಕ್ಕು, ನಾಲ್ಕು ಪ್ರಶ್ನೆ ಕೊಟ್ಟರೆ ಏನಾಗುತ್ತದೆಂದು ಯೋಚಿಸಿ. ಮೊದಲ ಪ್ರಶ್ನೆ: ಮರದ ಕಂಬದ ಬುಡಕ್ಕೆ ಕಲ್ಲು ಏಕೆ? ನೆಲದ ತೇವ ಮರಕ್ಕೆ ಏರಬಾರದು, ಗೆದ್ದಲು ಹತ್ತಬಾರದು ಎಂಬ ಉತ್ತರವನ್ನು ಐದನೆಯ ತರಗತಿಯ ಹುಡುಗಿಯೂ ತಾನೇ ಕಂಡುಕೊಳ್ಳಬಲ್ಲಳು. ಎರಡನೆಯದು: ಮೇಲಂತಸ್ತು ನೆಲದಿಂದ ಎಷ್ಟು ಎತ್ತರದಲ್ಲಿದೆ? ಏಣಿ ಬೇಕಾಗಿಲ್ಲ. ಮೆಟ್ಟಿಲುಗಳನ್ನು ಎಣಿಸಿ, ಒಂದು ಮೆಟ್ಟಿಲಿನ ಎತ್ತರ ಅಳೆದು, ಗುಣಿಸಿದರೆ ಸಾಕು. ಮೂರನೆಯದು: ಬಣ್ಣ ಎಲ್ಲಿ ಮಾಸಿದೆ, ಎಲ್ಲಿ ಉಳಿದಿದೆ? ಬಿಸಿಲು, ಮಳೆ, ಮನುಷ್ಯರ ಕೈ ಎಲ್ಲೆಲ್ಲಿ ತಾಗುತ್ತವೆ ಎಂಬುದನ್ನು ಗೋಡೆಯೇ ತೋರಿಸಿಕೊಡುತ್ತದೆ. ನಾಲ್ಕನೆಯದು: ಸೂರ್ಯ ಮುಳುಗಿದ ಮೇಲೆ ಇಲ್ಲಿದ್ದವರು ಏನು ಮಾಡುತ್ತಿದ್ದರು? ದೂರದರ್ಶನದ ಚಿತ್ರೀಕರಣಕ್ಕೆ ಹಳೆಯ ಕಟ್ಟಡಗಳ ಒಳಗೆ ಹೋದಾಗಲೆಲ್ಲ ನಾವು ಮೊದಲು ಹುಡುಕುವುದು ಬೆಳಕನ್ನು. ಸಾಲದಿದ್ದರೆ ದೊಡ್ಡ ದೀಪಗಳನ್ನು ಹಚ್ಚುತ್ತೇವೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅದಕ್ಕೆ ನೂರು ವರ್ಷಕ್ಕೂ ಹಿಂದೆ ಕಟ್ಟಿದ ಮನೆಯಲ್ಲಿ ಕಂಬಗಳ ನಡುವೆ ಅಷ್ಟು ತೆರವು ಏಕೆ ಬಿಟ್ಟಿದ್ದಾರೆ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಇಷ್ಟು ನೋಡಿದ ಮೇಲೆ ಇಸವಿಗಳಿಗೂ ಜೀವ ಬರುತ್ತದೆ. ಅರಮನೆ ಮುಗಿದ 1791ರಲ್ಲೇ, ಮಾರ್ಚ್ ತಿಂಗಳಲ್ಲಿ, ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿನ ಕೋಟೆಯನ್ನು ಹಿಡಿಯಿತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಅದರಂತೆ ಟಿಪ್ಪು ತನ್ನ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಒತ್ತೆಯಾಗಿ ಇಂಗ್ಲಿಷರಿಗೆ ಒಪ್ಪಿಸಬೇಕಾಯಿತು. ಒಬ್ಬನಿಗೆ ಹತ್ತು, ಇನ್ನೊಬ್ಬನಿಗೆ ಎಂಟು ವರ್ಷದ ಆಸುಪಾಸು. ಅವರು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ. ತಮ್ಮ ವಯಸ್ಸಿನವರೇ ಆದ ಈ ಇಬ್ಬರು ಹುಡುಗರ ವಿಷಯ ಕೇಳಿದ ಮಗು ಆ ಒಪ್ಪಂದವನ್ನು ಮರೆಯುವುದಿಲ್ಲ. ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಬೆಂಗಳೂರಿನ ಅರಮನೆಯನ್ನು ಚಿತ್ರಿಸಿದ. ಅವನ ಮೈಸೂರು ಸೀಮೆಯ ಚಿತ್ರಗಳು 1794ರಲ್ಲಿ ಪುಸ್ತಕವಾಗಿ ಬಂದವು. ಆ ಚಿತ್ರವನ್ನು ಕೈಯಲ್ಲಿ ಹಿಡಿದು ಇಂದಿನ ಕಟ್ಟಡದ ಮುಂದೆ ನಿಂತರೆ, ಉಳಿದದ್ದೇನು, ಹೋದದ್ದೇನು ಎಂದು ಹೋಲಿಸಬಹುದು.

ಈ ಮನೆಯ ಕಥೆ ಟಿಪ್ಪುವಿನೊಡನೆ ಮುಗಿಯಲಿಲ್ಲ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಸರ್ಕಾರಿ ಕಚೇರಿಗಳು ಇಲ್ಲಿ ನಡೆದವು. 1868ರಲ್ಲಿ ಹದಿನೆಂಟು ಇಲಾಖೆಗಳ ಹೊಸ ಕಟ್ಟಡವಾದ ಅಠಾರಾ ಕಚೇರಿ ಸಿದ್ಧವಾದಾಗ ಕಾಗದಪತ್ರಗಳು ಅಲ್ಲಿಗೆ ಹೋದವು. ಅದೇ ಇಂದಿನ ಉಚ್ಚ ನ್ಯಾಯಾಲಯದ ಕಟ್ಟಡ. ಅಂದರೆ ದರ್ಬಾರಿನ ಜಾಗದಲ್ಲಿ ಗುಮಾಸ್ತರು ಕುಳಿತು ಲೆಕ್ಕ ಬರೆದ ಕಾಲವೂ ಒಂದಿತ್ತು. ಒಂದೇ ಮನೆ, ಮೂರು ಆಡಳಿತ.

ಮಕ್ಕಳಿಗೆ ಬಾಗಿಲು ತೆರೆದ ಕಥೆ

ಮಕ್ಕಳನ್ನು ಇಂಥ ಜಾಗಗಳಿಗೆ ಕರೆತಂದು ಕಲಿಸಬೇಕೆಂಬ ವಿಚಾರ ಹುಟ್ಟಿದ್ದು ತೀರ ಹಿಂದೇನಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯರ ಮುತುವರ್ಜಿಯಿಂದ ಆರಂಭವಾಯಿತು. ಊರಿನ ಜನ ಅದನ್ನು ಕರೆದದ್ದು ‘ತಮಾಷೆ ಬಂಗಲೆ’ ಎಂದು. ಆ ಹೆಸರಿನಲ್ಲೇ ಒಂದು ಸತ್ಯವಿದೆ. ಜನ ಅಲ್ಲಿಗೆ ಸೋಜಿಗ ನೋಡಲು ಹೋಗುತ್ತಿದ್ದರು. ಸೋಜಿಗವನ್ನು ಕಲಿಕೆಯಾಗಿಸುವ ಕೆಲಸ ಇನ್ನೂ ಆಗಬೇಕಿತ್ತು.

ಆ ಕೆಲಸಕ್ಕೆ ಸ್ಪಷ್ಟ ರೂಪ ಬಂದದ್ದು ಅಮೆರಿಕದಲ್ಲಿ. 1899ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಉದ್ಯಾನವೊಂದರ ನಡುವೆ ಇದ್ದ ಹಳೆಯ ಬಂಗಲೆಯಲ್ಲಿ, ಮಕ್ಕಳಿಗಾಗಿಯೇ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಪ್ರಪಂಚದಲ್ಲಿ ಅಂಥದ್ದು ಅದೇ ಮೊದಲು. ಕೆಲವೇ ವರ್ಷಗಳಲ್ಲಿ ಅದರ ಹೊಣೆ ಹೊತ್ತ ಆ್ಯನಾ ಗ್ಯಾಲಪ್ ಎಂಬಾಕೆ ಜೀವಶಾಸ್ತ್ರ ಓದಿ ಬಂದವರು. ವಸ್ತುಗಳನ್ನು ಮಕ್ಕಳು ಕೈಯಲ್ಲಿ ಹಿಡಿದು ನೋಡಬೇಕು, ಈ ಮನೆ ತಮ್ಮದೆಂದು ಅವರಿಗೆ ಅನ್ನಿಸಬೇಕು ಎಂಬುದು ಆಕೆಯ ನಿಲುವು. 1913ರಲ್ಲಿ ಬಾಸ್ಟನ್ ನಗರದ ವಿಜ್ಞಾನ ಶಿಕ್ಷಕರೂ ಕೆರೆಯ ದಡದ ಹಳೆಯ ಬಂಗಲೆಯೊಂದರಲ್ಲಿ ಇಂಥದೇ ಸಂಗ್ರಹಾಲಯ ತೆರೆದರು. ಎರಡೂ ಕಡೆ ದೊಡ್ಡ ಸರ್ಕಾರಿ ಕಟ್ಟಡವನ್ನು ಬಿಟ್ಟು ಮನೆಯನ್ನೇ ಆರಿಸಿದ್ದನ್ನು ಗಮನಿಸಿ. ಮನೆಯೊಳಗೆ ಮಗು ಹೆದರುವುದಿಲ್ಲ.

ನಮ್ಮ ಚಾಮರಾಜಪೇಟೆಯಲ್ಲೂ ಇದಕ್ಕೆ ಹತ್ತಿರದ ಒಂದು ಪರಂಪರೆ ಇದೆ. ‘ಸರಸ್ವತಿ’ ಮಾಸಪತ್ರಿಕೆಯ ಸಂಪಾದಕಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಶಾಲೆಯ ಹೊರಗೆ, ಪರೀಕ್ಷೆಯ ಭಯವಿಲ್ಲದೆ, ಮಕ್ಕಳು ಸೇರಿ ಹಾಡಿ, ಆಡಿ, ಕಲಿಯಲು ಒಂದು ಜಾಗ ಬೇಕೆಂದು ಆ ಕಾಲದಲ್ಲೇ ಅವರಿಗೆ ತೋರಿತ್ತು. ಆ ಪ್ರದೇಶಕ್ಕೇ ಇಂದು ಮಕ್ಕಳ ಕೂಟವೆಂದು ಹೆಸರು ನಿಂತಿದೆ. 1945ರಲ್ಲಿ ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ದಂಪತಿಗಳು ಆರಂಭಿಸಿದ ವಿಶ್ವ ಸಂಸ್ಕೃತಿ ಸಂಸ್ಥೆಯ ಗ್ರಂಥಾಲಯದಲ್ಲೂ ಮಕ್ಕಳ ವಿಭಾಗವಿದೆ. ಹೀಗೆ ಈ ಹಳೆಯ ಬಡಾವಣೆಗಳಲ್ಲಿ ಮಕ್ಕಳ ಕಲಿಕೆಗೆ ಮನೆಯಂಥ ಜಾಗಗಳು ಮೊದಲಿನಿಂದಲೂ ಇದ್ದವು.

ಪ್ಲೇಗು ಕಟ್ಟಿಸಿದ ಬಡಾವಣೆಗಳು

ಇನ್ನು ಬಡಾವಣೆಗಳನ್ನೇ ನೋಡೋಣ. ಅರಮನೆ ಒಂದೇ. ಆದರೆ ಬಸವನಗುಡಿ, ಮಲ್ಲೇಶ್ವರಗಳ ಸಾಧಾರಣ ಹಳೆಯ ಮನೆಗಳು ಅರಮನೆಯಷ್ಟೇ ಇತಿಹಾಸ ಹೇಳುತ್ತವೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಹಳೆಯ ಪೇಟೆಯ ಬೀದಿಗಳು ಕಿರಿದು, ಮನೆಗಳು ಒತ್ತೊತ್ತು, ಜನ ಕಿಕ್ಕಿರಿದಿದ್ದರು. ಸಾವು ಹೆಚ್ಚುತ್ತಿದ್ದಂತೆ ಜನರನ್ನು ಪೇಟೆಯಿಂದ ಹೊರಗೆ ಕಳಿಸುವುದು ಅನಿವಾರ್ಯವಾಯಿತು. 1892ರಲ್ಲೇ ರೂಪುಗೊಂಡಿದ್ದ ಚಾಮರಾಜಪೇಟೆಯ ಜೊತೆಗೆ, ದಕ್ಷಿಣಕ್ಕೆ ಬಸವನಗುಡಿ, ವಾಯವ್ಯಕ್ಕೆ ಮಲ್ಲೇಶ್ವರ ಬಡಾವಣೆಗಳು ಎದ್ದವು. ನೇರವಾದ ಅಗಲ ರಸ್ತೆ, ಮನೆಯ ಸುತ್ತ ಬಯಲು, ಅಲ್ಲಲ್ಲಿ ಉದ್ಯಾನ, ಹಿಂಬದಿಗೆ ಕನ್ಸರ್ವೆನ್ಸಿ ಓಣಿ ಇವೆಲ್ಲ ಆ ಭಯದ ಕಾಲದ ನಕ್ಷೆಗಳು.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗೆ ಒಂದು ಸ್ವಾರಸ್ಯವಿದೆ. ಪ್ಲೇಗಿನ ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಗುರುತಿಸಿದ್ದ. ಆದರೆ ಅದು ಇಲಿಯಿಂದ ಮನುಷ್ಯನಿಗೆ ದಾಟುವುದು ಚಿಗಟದ ಮೂಲಕ ಎಂದು ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂದ ವರ್ಷವೇ. ಅವನ ಮಾತನ್ನು ವೈದ್ಯಲೋಕ ಒಪ್ಪಲು ಇನ್ನೂ ಹಲವು ವರ್ಷ ಹಿಡಿಯಿತು. ಹಾಗಾಗಿ ಈ ಬಡಾವಣೆಗಳ ನಕ್ಷೆ ಬರೆದವರ ಮನಸ್ಸಿನಲ್ಲಿ ಚಿಗಟ ಇರಲಿಲ್ಲ. ಕೆಟ್ಟ ಗಾಳಿ, ಕೊಳಕು, ಜನದಟ್ಟಣೆ ಇವೇ ರೋಗಕ್ಕೆ ಮೂಲವೆಂದು ಅವರು ನಂಬಿದ್ದರು. ಕಾರಣ ಪೂರ್ತಿ ತಿಳಿಯದಿದ್ದರೂ, ಗಾಳಿ ಬೆಳಕು ಇರುವ, ದಟ್ಟಣೆ ಇಲ್ಲದ ವಾಸದಿಂದ ಜನಕ್ಕೆ ಒಳಿತೇ ಆಯಿತು. ಅರೆ ತಿಳಿವಳಿಕೆಯಿಂದಲೂ ಒಳ್ಳೆಯ ಕೆಲಸ ಆಗಬಹುದೆಂಬುದಕ್ಕೆ ಬಸವನಗುಡಿಯ ಒಂದು ಕಿಟಕಿ ಉದಾಹರಣೆ.

ಮನೆಯೊಳಗೆ ಹೋಗೋಣ. ಬೀದಿಗೆ ಜಗಲಿ, ಆಮೇಲೆ ಹಜಾರ, ಎತ್ತರದ ಮಾಳಿಗೆ, ಮಾಳಿಗೆಯ ಹತ್ತಿರ ಗವಾಕ್ಷಿ. ಕಾದ ಗಾಳಿ ಹಗುರವಾಗಿ ಮೇಲೇರಿ ಗವಾಕ್ಷಿಯಿಂದ ಹೊರಹೋಗುತ್ತದೆ. ಕೆಳಗಿನ ಕಿಟಕಿಗಳಿಂದ ತಂಪು ಗಾಳಿ ಒಳಗೆ ಬರುತ್ತದೆ. ಎರಡು ಉಷ್ಣಮಾಪಕಗಳನ್ನು, ಒಂದನ್ನು ಜಗಲಿಯ ಬಿಸಿಲಿನ ಪಕ್ಕ, ಇನ್ನೊಂದನ್ನು ಹಜಾರದ ಒಳಗೆ ಇಟ್ಟು ಗಂಟೆಗೊಮ್ಮೆ ಬರೆದುಕೊಂಡರೆ ದಪ್ಪ ಗೋಡೆಯ ಮಹಿಮೆ ಗೊತ್ತಾಗುತ್ತದೆ. ಮಾಡಿನಿಂದ ಇಳಿಸಿದ ಹೆಂಚೊಂದು ಹಿತ್ತಲಲ್ಲಿ ಸಿಕ್ಕರೆ ಅಡಿಮೇಲು ಮಾಡಿ ನೋಡಿ. ಅದನ್ನು ಮಾಡಿದ ಕಾರ್ಖಾನೆಯ ಹೆಸರು ಅಲ್ಲಿ ಅಚ್ಚಾಗಿರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಕರಾವಳಿಯ ಜೇಡಿಮಣ್ಣು ಘಟ್ಟ ಹತ್ತಿ ಬೆಂಗಳೂರಿನ ತಲೆಯ ಮೇಲೆ ಕುಳಿತ ಕಥೆಯನ್ನು ಒಂದು ಹೆಂಚು ಹೇಳುತ್ತದೆ. ಅಡುಗೆಮನೆಯಲ್ಲಿ ಪಾವು, ಅಚ್ಚೇರು, ಸೇರು ಸಿಕ್ಕಿದರೆ ಅಕ್ಕಿ ಅಳೆದು ತಕ್ಕಡಿಯಲ್ಲಿ ತೂಗಿ. 1957ರಲ್ಲಿ ನಯಾ ಪೈಸೆ ಬಂದು, ಅದರ ಬೆನ್ನಿಗೇ ಕಿಲೋಗ್ರಾಮು, ಲೀಟರುಗಳು ಬಂದಾಗ ನಿಮ್ಮ ಅಜ್ಜಿ ಎಷ್ಟು ತಲೆ ಕೆಡಿಸಿಕೊಂಡಿರಬೇಕೆಂದು ಊಹಿಸಬಹುದು.

ಹಿತ್ತಲ ಓಣಿಯ ಇತಿಹಾಸ

ಆದರೆ ಪಾಠ ಇಲ್ಲಿಗೇ ನಿಂತರೆ ಅರ್ಧ ಇತಿಹಾಸವಷ್ಟೇ ಆಗುತ್ತದೆ. ಹಿತ್ತಲ ಬಾಗಿಲು ತೆರೆದು ಓಣಿಗೆ ಇಳಿಯಬೇಕು. ಕನ್ಸರ್ವೆನ್ಸಿ ಓಣಿ ಇದ್ದದ್ದು ಏತಕ್ಕೆ? ಒಳಚರಂಡಿ ಇಲ್ಲದ ಕಾಲದಲ್ಲಿ ಮನೆಗಳ ಮಲವನ್ನು ಮನುಷ್ಯರೇ ತೆಗೆದು ತಲೆಯ ಮೇಲೆ ಹೊತ್ತು ಸಾಗಿಸುತ್ತಿದ್ದರು. ಅವರು ಮುಂಬಾಗಿಲಿಗೆ ಬರಬಾರದು, ಯಾರ ಕಣ್ಣಿಗೂ ಬೀಳಬಾರದು ಎಂದು ಹಿಂದಿನಿಂದ ದಾರಿ. ನಗರದ ಆರೋಗ್ಯವನ್ನು ಕಾಪಾಡಿದ ಆ ಜನರ ಹೆಸರು ಯಾವ ಮನೆಯ ಫಲಕದಲ್ಲೂ ಇಲ್ಲ. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ದೇಶದ ಮಟ್ಟದಲ್ಲಿ 1993ರಲ್ಲಿ, ಮತ್ತೆ ಇನ್ನಷ್ಟು ಬಿಗಿಯಾಗಿ 2013ರಲ್ಲಿ ಕಾನೂನುಗಳು ಬಂದವು. ಕಾನೂನು ಬರಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ಆ ಓಣಿಯಲ್ಲಿ ನಿಂತು ಲೆಕ್ಕ ಹಾಕಿದಾಗ, ಇತಿಹಾಸ ಎಂದರೆ ಹಳೆಯ ಕಾಲದ ಸೊಬಗನ್ನು ಹೊಗಳುವುದಷ್ಟೇ ಅಲ್ಲವೆಂದು ಮಕ್ಕಳಿಗೆ ಮನವರಿಕೆಯಾಗುತ್ತದೆ.

ಇದು ಎಲ್ಲ ಮನೆಗಳಿಗೂ ಅನ್ವಯಿಸುವ ಮಾತು. ಅರಮನೆಯಲ್ಲಿ ಟಿಪ್ಪುವಿನ ಹೆಸರಿದೆ. ತೇಗ ಕೊರೆದ ಬಡಗಿಗಳು, ಬಣ್ಣ ಅರೆದ ಚಿತ್ರಗಾರರು ಯಾರು? ತೀರ್ಥಹಳ್ಳಿಯ ಬಳಿಯ ಕುಪ್ಪಳಿಯಲ್ಲಿ ಕುವೆಂಪು ಬೆಳೆದ ಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಕವಿಮನೆಯಾಗಿ ಕಾಪಾಡಿದೆ. ಶಾಲೆಯ ಮಕ್ಕಳು ಅಲ್ಲಿಗೆ ತಂಡ ತಂಡವಾಗಿ ಹೋಗುತ್ತಾರೆ. ಮಲೆನಾಡಿನ ಅಂಥ ದೊಡ್ಡಮನೆಗಳಲ್ಲಿ ದುಡಿದ ಆಳುಕಾಳುಗಳ ಬದುಕನ್ನು ಕುವೆಂಪು ಅವರೇ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ತಂದಿದ್ದಾರೆ. ಮನೆಯನ್ನೂ ಕಾದಂಬರಿಯನ್ನೂ ಜೊತೆಗಿಟ್ಟು ಓದಿದರೆ ಅದು ಪೂರ್ತಿ ಪಾಠ. ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಳಿದ ಬಾಲವನವಂತೂ ಮಕ್ಕಳ ಶಿಕ್ಷಣದ ಪ್ರಯೋಗಗಳಿಗೇ ಹೆಸರಾದ ಜಾಗ. ‘ಬಾಲಪ್ರಪಂಚ’ ಬರೆದ ಕಾರಂತರು ಮಕ್ಕಳು ಆಟ, ನಾಟಕ, ಪ್ರಕೃತಿಗಳ ನಡುವೆ ಕಲಿಯಬೇಕೆಂದು ಹಟ ಹಿಡಿದವರು. ಮಲ್ಲೇಶ್ವರದಲ್ಲಿ ಸಿ.ವಿ. ರಾಮನ್ ಅವರ ‘ಪಂಚವಟಿ’ ಮನೆ ಇದೆ. ಅವರು ಕಟ್ಟಿದ ಸಂಶೋಧನಾ ಸಂಸ್ಥೆಯ ಸಂಗ್ರಹದಲ್ಲಿ ಕತ್ತಲ ಕೋಣೆಯೊಳಗೆ ನೇರಳಾತೀತ ಕಿರಣ ಬಿದ್ದೊಡನೆ ಬಣ್ಣ ಬಣ್ಣವಾಗಿ ಹೊಳೆಯುವ ಖನಿಜಗಳಿವೆ. ಮಹಾಪುರುಷರ ಮನೆಯಲ್ಲಿ ಕೈಮುಗಿದು ಹೊರಬರುವುದು ಸುಲಭ. ಅವರು ಕೇಳಿದ ಪ್ರಶ್ನೆಯನ್ನು ನಾವೂ ಕೇಳುವುದು ಕಷ್ಟ. ಮಕ್ಕಳ ಕಾರ್ಯಕ್ರಮ ಇರಬೇಕಾದದ್ದು ಆ ಕಷ್ಟದ ಕೆಲಸಕ್ಕೆ.

ಕಾರ್ಯಕ್ರಮ ಹೇಗಿರಬೇಕು?

ಒಳ್ಳೆಯ ಕಾರ್ಯಕ್ರಮಕ್ಕೆ ಮೂರು ಹಂತಗಳಿರುತ್ತವೆ. ಮೊದಲನೆಯದು, ಹೋಗುವ ಮೊದಲಿನ ತಯಾರಿ. ಶಿಕ್ಷಕರು ತರಗತಿಯಲ್ಲಿ ನಕ್ಷೆ ತೋರಿಸಿ, ನಾಲ್ಕೈದು ಪ್ರಶ್ನೆ ಮಾತ್ರ ಕೊಡಬೇಕು. ಉತ್ತರವನ್ನು ಮೊದಲೇ ಹೇಳಿಬಿಟ್ಟರೆ ಮನೆ ನೋಡುವ ಅಗತ್ಯವೇ ಉಳಿಯುವುದಿಲ್ಲ. ಎರಡನೆಯದು, ಮನೆಯೊಳಗಿನ ಕೆಲಸ. ನೂರು ಮಕ್ಕಳ ಸಾಲಿಗಿಂತ ಹತ್ತು ಹದಿನೈದು ಮಕ್ಕಳ ಗುಂಪು ಮೇಲು. ಒಂದು ಗುಂಪು ಅಳೆಯಲಿ, ಒಂದು ಗುಂಪು ಚಿತ್ರ ಬರೆಯಲಿ, ಇನ್ನೊಂದು ಗುಂಪು ನೆರೆಯ ಹಿರಿಯರನ್ನು ಮಾತನಾಡಿಸಲಿ. ನಿಜವಾದ ಹಳೆಯ ವಸ್ತುವನ್ನು ಮುಟ್ಟಬಾರದು ಸರಿ. ಆದರೆ ಒರಳು, ಬೀಸುವ ಕಲ್ಲು, ಹಂಡೆ, ಲಾಟೀನುಗಳ ಬೇರೆ ಪ್ರತಿಗಳು ಮಕ್ಕಳ ಕೈಗೆ ಸಿಗಬೇಕು. ಅರ್ಧ ಗಂಟೆ ರಾಗಿ ಬೀಸಿದ ಹುಡುಗನಿಗೆ ಅಜ್ಜಿಯ ತೋಳಿನ ನೋವು ತಿಳಿಯುತ್ತದೆ. ಮೂರನೆಯದು, ಮರಳಿ ಬಂದ ಮೇಲಿನ ಚರ್ಚೆ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರೆ ಬೇರೆ ಪಟ್ಟಿ ಮಾಡಬೇಕು. ಪ್ರಯೋಗದ ವರದಿಯಲ್ಲಿ ವೀಕ್ಷಣೆಯನ್ನೂ ತೀರ್ಮಾನವನ್ನೂ ಬೇರೆ ಬರೆಯುತ್ತೇವಲ್ಲ, ಹಾಗೆಯೇ.

ಇದಕ್ಕೆ ದೊಡ್ಡ ಹಣವೇನೂ ಬೇಕಿಲ್ಲ. 1984ರಲ್ಲಿ ಸ್ಥಾಪನೆಯಾದ ಇನ್‌ಟ್ಯಾಕ್ ಸಂಸ್ಥೆ ಶಾಲೆಗಳಲ್ಲಿ ಪರಂಪರೆ ಕ್ಲಬ್ಬುಗಳನ್ನು ನಡೆಸುತ್ತದೆ. ಬೆಂಗಳೂರಿನಲ್ಲಿ ಹಳೆಯ ಬೀದಿಗಳ ನಡಿಗೆಯನ್ನೂ ಏರ್ಪಡಿಸಿದೆ. ಬೇಕಾದದ್ದು ಶಾಲೆಯ ವೇಳಾಪಟ್ಟಿಯಲ್ಲಿ ಒಂದು ಬೆಳಗ್ಗೆ, ಮನೆಯ ಯಜಮಾನರ ಒಪ್ಪಿಗೆ, ಮತ್ತು ಪ್ರಶ್ನೆ ಕೇಳಿದ ಮಗುವನ್ನು ಗದರದ ಶಿಕ್ಷಕರು.

ಕೊನೆಯದಾಗಿ ಒಂದು ಮಾತು. ಟಿಪ್ಪುವಿನ ಅರಮನೆಗೆ ಕಾನೂನಿನ ಕಾವಲಿದೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಬಹುಪಾಲು ಖಾಸಗಿ ಮನೆಗಳಿಗೆ ಅದಿಲ್ಲ. ಆಸ್ತಿ ಪಾಲಾಗುತ್ತದೆ, ನಿವೇಶನದ ಬೆಲೆ ಏರುತ್ತದೆ, ಹಳೆಯ ಛಾವಣಿಯ ರಿಪೇರಿಗೆ ಆಳು ಸಿಗುವುದಿಲ್ಲ. ಮನೆಯವರನ್ನು ದೂರಿ ಫಲವಿಲ್ಲ. ಅವರ ಕಷ್ಟ ನಿಜವಾದದ್ದು. ಒಂದು ದಿನ ಜಗಲಿ, ಗವಾಕ್ಷಿ, ಹೆಂಚು ಎಲ್ಲವೂ ಲಾರಿ ಹತ್ತುತ್ತವೆ. ಕನ್ಸರ್ವೆನ್ಸಿ ಓಣಿ ಯಾರದೋ ಕಾಂಪೌಂಡಿನೊಳಗೆ ಸೇರಿಹೋಗುತ್ತದೆ. ಆಮೇಲೆ 1898ರ ಪ್ಲೇಗಿನ ಬಗ್ಗೆ ಪುಸ್ತಕದಲ್ಲಿ ಎರಡು ಸಾಲು ಇರಬಹುದು, ಪರೀಕ್ಷಿಸಿ ನೋಡಲು ಸಾಕ್ಷಿ ಇರುವುದಿಲ್ಲ. ಎಲ್ಲ ಮನೆಗಳನ್ನೂ ಉಳಿಸುವುದು ಆಗದ ಮಾತು. ಪ್ರತಿ ಬಡಾವಣೆಗೆ ಒಂದಾದರೂ ಮನೆ, ಮುಂಬಾಗಿಲಿನಿಂದ ಹಿತ್ತಲ ಓಣಿಯವರೆಗೆ, ಮಕ್ಕಳ ಕಲಿಕೆಗೆಂದು ಉಳಿಯಬೇಕು. ಉಳಿಯದ ಮನೆಗಳ ಅಳತೆ, ಚಿತ್ರ, ಅಲ್ಲಿ ಬಾಳಿದವರ ಮಾತು ಇಷ್ಟಾದರೂ ದಾಖಲಾಗಬೇಕು. ಆ ಕೆಲಸವನ್ನು ವಿದ್ಯಾರ್ಥಿಗಳಾದ ನೀವೇ ಆರಂಭಿಸಬಹುದು.

ನೀವೇ ಮಾಡಿ ನೋಡಿ

1. ನಿಮ್ಮ ಬೀದಿಯ ಅತ್ಯಂತ ಹಳೆಯ ಮನೆ ಯಾವುದೆಂದು ಹಿರಿಯರನ್ನು ಕೇಳಿ. ಮನೆಯವರ ಅನುಮತಿ ಪಡೆದು ಅದರ ನಕ್ಷೆಯನ್ನು ಅಳತೆಯೊಂದಿಗೆ ಬರ‍ೆಯಿರಿ. ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಬಾಣದ ಗುರುತು ಹಾಕಿ.

2. ಆ ಮನೆಯಲ್ಲಿ ವಾಸ ಮಾಡಿದವರು ಯಾರು, ಕೆಲಸ ಮಾಡಿದವರು ಯಾರು ಎಂದು ಎರಡು ಪಟ್ಟಿ ಮಾಡಿ. ಎರಡನೆಯ ಪಟ್ಟಿಯಲ್ಲಿ ಎಷ್ಟು ಜನರ ಹೆಸರು ಸಿಕ್ಕಿತು?

3. ಮನೆಗೆ ನಲ್ಲಿ, ವಿದ್ಯುತ್ತು, ಒಳಚರಂಡಿ ಯಾವ ಕ್ರಮದಲ್ಲಿ ಬಂದವು? ಗೋಡೆಯ ಮೇಲೆ ಅವುಗಳ ಗುರುತು ಹುಡುಕಿ.

4. ನೀವು ಬರೆದದ್ದರಲ್ಲಿ ಕಣ್ಣಾರೆ ಕಂಡದ್ದು, ಕೇಳಿ ತಿಳಿದದ್ದು, ಊಹಿಸಿದ್ದು ಈ ಮೂರನ್ನು ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಗುರುತಿಸಿ, ಒಂದು ಪ್ರತಿಯನ್ನು ನಿಮ್ಮ ಶಾಲೆಯ ಗ್ರಂಥಾಲಯಕ್ಕೆ ಕೊಡಿ.